ಅರಿಶಿನ ಹತ್ತಿದ ಐನೂರು ಮಾರ್ಕ್

ಅರಿಶಿನ ಹತ್ತಿದ ವಿದೇಶಿ ನೋಟು ಎಂದೂ ರೂಪಾಯಿ ಆಗುವುದಿಲ್ಲ ಎಂದು ಹೇಳಿದವರು ನಮ್ಮ ಬ್ರ್ಯಾಂಚ್ ಮ್ಯಾನೇಜರ್. ಅದು 1986ರ ಏಪ್ರಿಲ್. ನಾನಾಗ ಹೊಸಪೇಟೆಯ ಒಂದು ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ಕೌಂಟರ್ ನೋಡಿಕೊಳ್ಳುವ ಆಫೀಸರ್. ಆಗದು ಎನ್ನುವ ಮಾತನ್ನು ನನ್ನ ಬಗ್ಗೆಯೂ ಆಡಿದವರಿದ್ದರು. ಎಮ್ಮಿಗನೂರಿನಲ್ಲಿ ನಮ್ಮವ್ವ ಇನ್ನೊಬ್ಬರ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದಳು. ಕಾಲುವೆ ನೀರು ಬಂದ ಮೇಲೆ ವರ್ಷಕ್ಕೆ ಎರಡು ಬೆಳೆ, ಎರಡು ಸಲ ಕೂಲಿ. ಆ ಎರಡನೆಯ ಬೆಳೆಯ ಕೂಲಿಯಲ್ಲಿ ನಾನು ಬಿ.ಕಾಂ. ಮುಗಿಸಿದೆ. ನಮ್ಮ ಮನೆತನಕ್ಕೆ ಅದೇ ಮೊದಲ ಡಿಗ್ರಿ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಸಂಡೂರಿನ ಅದಿರು ಹೊರದೇಶಕ್ಕೆ ಹೋಗುತ್ತಿದ್ದುದರಿಂದ ನಮ್ಮಲ್ಲಿ ಟೆಲೆಕ್ಸ್ ಯಂತ್ರವಿತ್ತು. ಬೆಳಿಗ್ಗೆ ಅದು ಕಟಕಟನೆ ದಿನದ ದರಗಳನ್ನು ಹೊಡೆಯುವಾಗ ನಾನು ಎದ್ದು ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಡಾಲರ್, ಪೌಂಡ್, ಮಾರ್ಕ್, ಯೆನ್. ಎಲ್ಲೋ ಲಂಡನ್ನಿನಲ್ಲಿ ಯಾರೋ ಯಾರಿಗೋ ಏನೋ ಮಾರಿದರೆ, ಹೊಸಪೇಟೆಯ ನನ್ನ ಕೌಂಟರಿನಲ್ಲಿ ಐದು ಪೈಸೆ ಹೆಚ್ಚುಕಮ್ಮಿ. ನಿವೃತ್ತಿಯಾಗುವವರೆಗೂ ಆ ಬೆರಗು ನನ್ನನ್ನು ಬಿಡಲಿಲ್ಲ.

ಹನುಮಕ್ಕ ತನ್ನ ಅತ್ತೆ ತಿಪ್ಪಮ್ಮನ ಜೊತೆ ಬಂದದ್ದು ಅಂಥ ಒಂದು ಬೆಳಿಗ್ಗೆ. ಹಂಪಿ ಬಜಾರಿನ ಕಲ್ಲುಮಂಟಪವೊಂದರಲ್ಲಿ ಇವರದು ಇಡ್ಲಿ ಹೋಟೆಲು. ಹಿಂದಿನ ವರ್ಷ ಜರ್ಮನಿಯ ಹುಡುಗನೊಬ್ಬ ಕಾಮಾಲೆ ಹಿಡಿದು ಅಲ್ಲೇ ಮಲಗಿದ್ದ. ತಿಂಗಳಿಗೂ ಹೆಚ್ಚು ಕಾಲ ಗಂಜಿ ಮಜ್ಜಿಗೆ ಕೊಟ್ಟು ಅವನನ್ನು ಎಬ್ಬಿಸಿ ಕೂರಿಸಿದವರು ಇವರು. ಹೊರಡುವಾಗ ಅವನು ತನ್ನ ದೇಶದ ಐನೂರು ಮಾರ್ಕಿನ ಒಂದು ನೋಟನ್ನು ಒಲೆಯ ಪಕ್ಕದಲ್ಲಿಟ್ಟು ಕೈಮುಗಿದು ಹೋಗಿದ್ದ. ಅದು ಖರ್ಚು ಮಾಡುವ ರೊಕ್ಕ ಎಂದು ಮನೆಯಲ್ಲಿ ಯಾರಿಗೂ ಅನಿಸಲಿಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ತಿಪ್ಪಮ್ಮ ಅದಕ್ಕೆ ನೆನೆಸಿದ ಅರಿಶಿನ ಬಳಿದು ಕುಂಕುಮ ಇಟ್ಟಳು. ತಕ್ಕಡಿಯಿರಲಿ, ಸೈಕಲ್ಲಿರಲಿ, ಹೊಸದಾಗಿ ಬಂದದ್ದನ್ನು ನಮ್ಮ ಕಡೆ ಹಾಗೆಯೇ ಮನೆ ತುಂಬಿಸಿಕೊಳ್ಳುತ್ತಾರೆ.

ಈಗ ರೊಕ್ಕ ಬೇಕಾಗಿತ್ತು. ಹನುಮಕ್ಕನ ಮಗಳು ಗಂಗಮ್ಮನಿಗೆ ಬಳ್ಳಾರಿಯಲ್ಲಿ ಟೀಚರ್ ಟ್ರೇನಿಂಗಿಗೆ ಸೀಟು ಕೊಡುತ್ತೇವೆ ಎಂದಿದ್ದರು. ಫೀಸು, ಹಾಸ್ಟೆಲು ಸೇರಿ 2,400 ರೂಪಾಯಿ, ಜೂನ್ ಮುಗಿಯುವುದರೊಳಗೆ. ಆ ಮನೆಯಲ್ಲಿ ಏಳನೇ ಕ್ಲಾಸು ದಾಟಿದವಳು ಅವಳೊಬ್ಬಳೇ.

“ಬಜಾರ್‌ನ್ಯಾಗ ಒಬ್ಬಾಂವ ಸಾವಿರ ಕೊಡ್ತೀನಿ ಅಂತಾನ್ರಿ,” ಎಂದಳು ಹನುಮಕ್ಕ. “ಅದೂ ಮುಖ ಕಿವುಚಿಕೊಂಡು. ನಮ್ಮತ್ತಿ ಇನ್ನೊಂದೀಟು ಅರಿಶಿನ ಹಚ್ಚಿದ್ರ ನೋಟು ಸಾರಿಗೆ ಹಾಕಬಹುದಿತ್ತು.”

ತಿಪ್ಪಮ್ಮ ಕಂಬಕ್ಕೆ ಒರಗಿ ಕುಳಿತಿದ್ದಳು. ಬಜಾರಿನವನು ಮುಖ ಕಿವುಚಿದಾಗಿನಿಂದ ಆ ಮಾತನ್ನು ಆಕೆ ಎಷ್ಟು ಸಲ ಕೇಳಿದ್ದಳೋ.

ಅಂದು ನಾವು ಮಾರ್ಕ್ ಕೊಳ್ಳುವ ದರ ಐದೂವರೆ ರೂಪಾಯಿ. ಬ್ಯಾಂಕಿನಲ್ಲಿ ಎರಡು ದರ ಇರುತ್ತವೆ: ನಿಮ್ಮಿಂದ ಕೊಳ್ಳುವುದು ಕಡಿಮೆಗೆ, ನಿಮಗೆ ಮಾರುವುದು ಹೆಚ್ಚಿಗೆ, ನಡುವಿನದು ಬ್ಯಾಂಕಿನ ಸಂಪಾದನೆ. ನೋಟು ಸ್ವಚ್ಛವಾಗಿದ್ದರೆ ಆಗಲೇ 2,750 ರೂಪಾಯಿ ಎಣಿಸಿ ಕೊಡಬಹುದಿತ್ತು. ಆದರೆ ಕಲೆ ಬಿದ್ದ ವಿದೇಶಿ ನೋಟನ್ನು ಕೌಂಟರಿನಲ್ಲಿ ಕೊಳ್ಳುವಂತಿಲ್ಲ. ಮ್ಯಾನೇಜರ್ ಅಂಥ ನೋಟುಗಳು ಮುಂಬಯಿಯ ನಮ್ಮ ದೊಡ್ಡ ಆಫೀಸಿನಿಂದ ವಾಪಸ್ ಬಂದದ್ದನ್ನು ಕಂಡಿದ್ದರು. ಆ ಹೆಂಗಸಿಗೆ ಸುಮ್ಮನೆ ಆಸೆ ಹಚ್ಚಬೇಡಿ ಎಂದರು.

ನಾನು ಬ್ಯಾಂಕಿನ ನಿಯಮಗಳ ಮ್ಯಾನ್ಯುಯಲ್ ತೆಗೆದು ಕುಳಿತೆ. ಕಲೆ ಬಿದ್ದ ನೋಟನ್ನು ಕೊಳ್ಳದೆ, ‘ಕಲೆಕ್ಷನ್’ಗೆ ಕಳಿಸಲು ದಾರಿಯಿತ್ತು. ಅಂದರೆ ನೋಟು ಮುಂಬಯಿ ಮೂಲಕ ಜರ್ಮನಿಗೆ ಹೋಗುತ್ತದೆ. ಅಲ್ಲಿಯವರು ಒಪ್ಪಿದರೆ ಮಾತ್ರ ಹಣ. ಮ್ಯಾನೇಜರ್ ಒಳ್ಳೆಯವರು, ಪತ್ರಕ್ಕೆ ಸಹಿ ಹಾಕಿದರು. ಆದರೆ ಖರ್ಚಿನ ಮಾತನ್ನು ಆಕೆಗೆ ಈಗಲೇ ಬಿಡಿಸಿ ಹೇಳಿ ಎಂದರು.

ಹೇಳಿದೆ. ಇಂದಿನ ದರ ಸಿಗುವುದಿಲ್ಲ, ಹಣ ಬಂದ ದಿನದ ದರ. ಕಂಪ್ಲಿ ಮಂಡಿಯಲ್ಲಿ ಭತ್ತ ಇಳಿಸಿದ ದಿನದ ದರ ಯಾರು ಕೊಡುತ್ತಾರೆ, ಮಾರಿದ ದಿನದ್ದು ತಾನೇ? ವಿಮೆ ಮಾಡಿದ ಅಂಚೆ, ನಮ್ಮ ಕಮಿಷನ್, ಅಲ್ಲಿಯವರ ಚಾರ್ಜು ಎಲ್ಲ ಅದರಲ್ಲೇ ಕಡಿತ. ಅವರು ಒಪ್ಪದಿದ್ದರೆ ಅರಿಶಿನದ ನೋಟೂ ವಾಪಸ್, ಖರ್ಚೂ ಮೈಮೇಲೆ.

ಹನುಮಕ್ಕ ಅತ್ತೆಯ ಕಡೆ ನೋಡಿ ನನ್ನತ್ತ ತಿರುಗಿದಳು. “ನಿಮ್ಮ ತಂಗಿ ಓದೋದು ಇದ್ರ ಏನ್ ಮಾಡ್ತಿದ್ರಿ ಅಣ್ಣಾರ?”

“ಕಾಯ್ತಿದ್ದೆ,” ಎಂದೆ.

“ಹಂಗಾರ ಬರಕೊಳ್ರಿ.”

ಅಷ್ಟು ಸುಲಭವಾಗಿ ಹೇಳಿಬಿಟ್ಟೆನಲ್ಲ ಎಂದು ನನಗೆ ಅನಿಸಿದ್ದು ಆಮೇಲೆ. ಮೇ ಕಳೆಯಿತು, ಸುದ್ದಿಯಿಲ್ಲ. ಸಾರಿನ ನೋಟು ಬಂತೇನ್ರಿ ಎಂದು ಕ್ಯಾಷಿಯರ್ ದಿನಾ ಛೇಡಿಸುತ್ತಿದ್ದ. ಹನುಮಕ್ಕ ಪೇಟೆಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿ ಹಾಗೇ ಹಿಂತಿರುಗುತ್ತಿದ್ದಳು. ಜೂನ್ ಅರ್ಧ ಮುಗಿದಾಗ ಹುಡುಗಿಯ ಸೀಟು ನನ್ನ ಕೈಯಾರೆ ಹೋಯಿತೇ ಎಂದು ಅಂಜತೊಡಗಿದೆ.

ಜೂನ್ ಕೊನೆಯ ವಾರ ಮುಂಬಯಿಯಿಂದ ಲಕೋಟೆ ಬಂತು. ಒಳಗೆ ಜರ್ಮನಿಯವರ ಒಂದೇ ಸಾಲು: ನೋಟು ಅಸಲಿ, ಕಲೆ ಗಿಡಮೂಲದ ಬಣ್ಣ, ಪೂರ್ತಿ ಮೌಲ್ಯ ಪಾವತಿಸಿದೆ. ಹಂಪಿಯ ಒಂದು ಒಲೆಯ ಪಕ್ಕ ಮುದುಕಿಯೊಬ್ಬಳು ಬೆರಳಲ್ಲಿ ಬಳಿದ ಅರಿಶಿನವನ್ನು, ಸಮುದ್ರದಾಚೆ ಯಾರೋ ಅಪರಿಚಿತರು ದೀಪದ ಕೆಳಗೆ ಹಿಡಿದು ನೋಡಿ, ಇದರಿಂದ ದೋಷವಿಲ್ಲ ಎಂದು ಬರೆದಿದ್ದರು.

ಅಂದಿನ ದರ ಐದು ರೂಪಾಯಿ ಅರವತ್ತಾರು ಪೈಸೆ. ಒಟ್ಟು 2,830, ಖರ್ಚು 68 ಹೋಗಿ ಕೈಗೆ 2,762. ಏರಿದ ದರ ಖರ್ಚನ್ನೆಲ್ಲ ತುಂಬಿಕೊಟ್ಟು ಮೇಲೆ ಹನ್ನೆರಡು ರೂಪಾಯಿ ಉಳಿಸಿತ್ತು. ಮ್ಯಾನೇಜರ್ ಕಾಗದವನ್ನು ಮತ್ತೆ ಮತ್ತೆ ಓದಿ ಕನ್ನಡಕ ತೆಗೆದರು. “ಕರೆಸಿ ಅವರನ್ನ,” ಎಂದರು.

ದರ ಇಳಿಯಲೂಬಹುದಿತ್ತು, ಅದು ನನ್ನ ಜಾಣತನವಲ್ಲ. ಆದರೆ ‘ಇಲ್ಲಿ ಆಗುವುದಿಲ್ಲ’ ಎಂಬುದಕ್ಕೂ ‘ಎಲ್ಲಿಯೂ ಆಗುವುದಿಲ್ಲ’ ಎಂಬುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ನನಗೆ ಆ ನೋಟು ಕಲಿಸಿತು. ಹಾಗೆಯೇ, ಖರ್ಚನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ಜನ ನಮ್ಮನ್ನು ನಂಬಿ ಕಾಯುತ್ತಾರೆ.

ಅತ್ತೆ ಸೊಸೆ ಇಬ್ಬರೂ ಬಂದರು, ಗಂಗಮ್ಮನೂ ಬಂದಳು. ರಸೀದಿಗೆ ಹನುಮಕ್ಕನ ಹೆಬ್ಬೆಟ್ಟು, ಸಾಕ್ಷಿಗೆ ಮಗಳ ಸಹಿ. ವಿದೇಶಿ ಹಣ ರೂಪಾಯಿಯಾದದ್ದಕ್ಕೆ ಬ್ಯಾಂಕು ಕೊಡುವ ಎನ್‌ಕ್ಯಾಶ್‌ಮೆಂಟ್ ಸರ್ಟಿಫಿಕೇಟಿಗೆ ಮೊಹರು ಒತ್ತಿ ಚಾಚಿದೆ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡವಳು ತಿಪ್ಪಮ್ಮ. ಹಿಂದೆ ಮುಂದೆ ತಿರುಗಿಸಿ ನೋಡಿ, ಸೊಸೆಗೆ ಕೇಳುವಂತೆ ನನಗೆ ಹೇಳಿದಳು:

“ಅರಿಶಿನ ಹಚ್ಚಿ ಕಳಿಸಿದ್ದಕ್ಕ ನೋಡ್ ತಮ್ಮಾ, ಅಷ್ಟು ದೂರ ಹೋದ ಲಕ್ಷ್ಮಿ ನಮ್ಮ ಮನಿ ಗುರುತು ಹಿಡದು ಬಂದ್ಲು.”