ಹರಿಹರದಲ್ಲಿ ಸತ್ತ ನಾಯಕ

1999ರಲ್ಲಿ ನಮ್ಮಣ್ಣ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮೂರು ಕಂಪ್ಯೂಟರ್ ಇಟ್ಟು ಇಂಟರ್‌ನೆಟ್ ಅಂಗಡಿ ತೆರೆದ. ಗಿರಾಕಿಗಳಿಗಿಂತ ಹೆಚ್ಚು ಹೊತ್ತು ಅವನೇ ಅವುಗಳ ಮುಂದೆ ಕೂರುತ್ತಿದ್ದ. ಅಮೆರಿಕದ ಕನ್ನಡಿಗರು ಯಾರೋ ನಡೆಸುತ್ತಿದ್ದ ಚರ್ಚೆಯ ಪುಟವೊಂದಿತ್ತು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತ ಅಲ್ಲಿ ವಾದ ಮಾಡಬೇಕು. ದಿಲ್ಲಿಯ ಸರ್ಕಾರ ನಿಲ್ಲುತ್ತದೋ ಬೀಳುತ್ತದೋ, ಎರಡು ಸಾವಿರದ ಇಸವಿ ಬಂದ ಕೂಡಲೇ ಕಂಪ್ಯೂಟರುಗಳೆಲ್ಲ ಕೆಡುತ್ತವೋ ಇಲ್ಲವೋ, ಉಪ್ಪಿಟ್ಟಿಗೆ ಸಕ್ಕರೆ ಹಾಕಿಕೊಳ್ಳುವವರನ್ನು ಮನುಷ್ಯರೆಂದು ಎಣಿಸಬೇಕೋ ಬೇಡವೋ, ಹೀಗೆ. ಆಗ ಬಿ.ಕಾಂ. ಓದುತ್ತಿದ್ದ ನಾನು ಪ್ರತಿ ಸಂಜೆ ಯಾವ ಪಕ್ಷಕ್ಕೆ ಎಷ್ಟು ಜನ ಎಂದು ತಾರೀಖಿನ ಸಮೇತ ಡೈರಿಯಲ್ಲಿ ಬರೆದಿಡುತ್ತಿದ್ದೆ. ಬರೆದಿಡು ಎಂದು ಯಾರೂ ಹೇಳಿರಲಿಲ್ಲ. ಆದರೂ ಯಾರಾದರೂ ಬರೆದಿಡಬೇಕಲ್ಲ.

ಆ ಬೇಸಿಗೆಯ ದೊಡ್ಡ ಚರ್ಚೆ ಒಂದು ಹೊಡೆದಾಟದ ಸಿನಿಮಾದ್ದು. ಕೊನೆಯಲ್ಲಿ ನಾಯಕ ಸಾಯುತ್ತಾನೋ ಬದುಕುತ್ತಾನೋ? ಕೇಳುವ ಪ್ರಶ್ನೆಯೇ ಅಲ್ಲ. ಗುಂಡು ತಿಂದು ಬೀಳುತ್ತಾನೆ, ಆಮೇಲೆ ಆಸ್ಪತ್ರೆಯಲ್ಲಿ ಕಣ್ಣು ತೆರೆದು ತಾಯಿಯನ್ನು ಕರೆಯುತ್ತಾನೆ. ಆದರೆ ಪುಟದಲ್ಲಿ 'ಹರಿಹರ' ಎಂದು ಊರಿನ ಹೆಸರನ್ನೇ ಇಟ್ಟುಕೊಂಡಿದ್ದ ಒಬ್ಬರು, 'ಸತ್ತ, ನಾನು ಕಣ್ಣಾರೆ ನೋಡಿದ್ದೇನೆ' ಎಂದು ಪಟ್ಟು ಹಿಡಿದರು. ನಮ್ಮಣ್ಣನೂ 'ದಾವಣಗೆರೆ' ಎಂಬ ಹೆಸರಿನಲ್ಲೇ ಬರೆಯುತ್ತಿದ್ದ. ಸಿನಿಮಾ ನೋಡೇ ಇರದ ಅಮೆರಿಕದವರೂ ಸೇರಿಕೊಂಡರು. ಒಂದು ವಾರದ ಕೊನೆಗೆ ನನ್ನ ಡೈರಿಯಲ್ಲಿ ಬದುಕಿದ್ದಾನೆ ಎಂಬುವರು ಹದಿನಾಲ್ಕು, ಸತ್ತಿದ್ದಾನೆ ಎಂಬುವರು ಹನ್ನೊಂದು, ಎರಡೂ ಅಲ್ಲ ಎಂಬುವರು ಇಬ್ಬರು. ಅಣ್ಣ ಕೊನೆಗೆ, 'ಹರಿಹರದವರು ಟಾಕೀಸಿಗೆ ಹೋಗೋದು ನಿದ್ದೆ ಮಾಡೋಕೆ' ಎಂದು ಬರೆದ.

ಅದೇ ವಾರ ಅಣ್ಣನಿಗೆ ಹೆಣ್ಣು ನೋಡಲು ಹೊರಟೆವು. ಪಕ್ಕದ ಹರಿಹರಕ್ಕೇ.

ಹುಡುಗಿಯ ತಂದೆ ಮೃದು ಸ್ವಭಾವದವರು. ಆ ಮನೆಯಲ್ಲಿ ನಡೆಯುತ್ತಿದ್ದುದು ಅವಳ ಚಿಕ್ಕಪ್ಪನ ಮಾತು. ಅವರದು ಎಸ್‌ಟಿಡಿ ಬೂತ್, ಅದರಲ್ಲೊಂದು ಕಂಪ್ಯೂಟರ್. ಉಪ್ಪಿಟ್ಟು ಮುಗಿಯಿತು, ಚಹ ಬಂತು, ಹುಡುಗಿಯೂ ಬಂದು ಕೂತಳು. ಎಲ್ಲ ಸರಿಯಾಗಿಯೇ ಇತ್ತು. ಆಗ ಚಿಕ್ಕಪ್ಪ ಅಣ್ಣನಿಗೆ ಹೇಳಿದರು:

"ನಿಮ್ಮೂರಾಗೆ ಒಬ್ಬ ದಡ್ಡ ಅದಾನ ನೋಡ್ರಿ. ಇಂಟರ್‌ನೆಟ್‌ನಾಗೆ ದಿನಾ ನನ್ನ ಜೀವ ತಿಂತಾನ. ಸತ್ತ ಹೀರೋನ್ನ ಬದುಕ್ಯಾನ ಅಂತಾನ. ನಿಮಗೇನಾದ್ರೂ ಗುರ್ತೈತೇನು?"

ಅಣ್ಣ ಲೋಟ ಕೆಳಗಿಟ್ಟ. ಸುಳ್ಳು ಹೇಳಬಹುದಿತ್ತು.

"ಬದುಕ್ಯಾನಲ್ರೀ," ಅಂದ.

ಚಿಕ್ಕಪ್ಪ ಎದ್ದು ನಿಂತರು. "ನಿದ್ದೆ ಮಾಡೋಕೆ ಹೋಗ್ತಾರ ಅಂತ ಬರೆದವ ನೀನಾ? ಅಮೆರಿಕದ ಮಂದಿ ಓದ್ಯಾರಪ್ಪ ಅದನ್ನ! ನನ್ನನ್ನ ಸುಳ್ಳ ಅಂದವರ ಮನಿಗೆ ಹೆಣ್ಣು ಹೆಂಗ್ ಕೊಡ್ಲಿ?"

ಅಡುಗೆಮನೆಯಲ್ಲಿ ಹುಡುಗಿ ನಮ್ಮಮ್ಮನ ಕಿವಿಯಲ್ಲಿ, "ಹೀರೋ ಸತ್ರೇನು ಬದುಕಿದ್ರೇನು ಅತ್ತಿ, ನಂಗೆ ಒಪ್ಪಿಗೆ ಐತೆ," ಎಂದಳಂತೆ. ಅಣ್ಣನಿಗೂ ಒಪ್ಪಿಗೆಯೇ. ಆದರೆ ಅವನನ್ನು, 'ಸತ್ತ ಅಂತ ಒಂದು ಮಾತು ಅನ್ನು, ಮುಗೀತದೆ' ಎಂದು ಎಷ್ಟು ಬೇಡಿಕೊಂಡರೂ ಬಾಯಿ ಬಿಡಲೊಲ್ಲ.

ನಮ್ಮ ಜೊತೆ ಬಂದಿದ್ದ, ಮಂಡಕ್ಕಿ ಹುರಿಯುವ ಭಟ್ಟಿ ನಡೆಸುವ ದೊಡ್ಡಪ್ಪ ಹೊಲದ ಬದುವಿನ ಜಗಳ, ಪಾಲಿನ ಜಗಳ ಬೇಕಾದಷ್ಟು ಬಗೆಹರಿಸಿದವರು. ಕಂಪ್ಯೂಟರ್ ಕಂಡವರಲ್ಲ. ಆದರೂ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕಡೆಯವರನ್ನು ಎದುರುಬದುರು ಕೂರಿಸಿದರು.

"ಸತ್ತವನ ಹೆಸರೇನು?"

ಚಿಕ್ಕಪ್ಪ ಹೇಳಿದರು.

"ಸತ್ತಾನ ಅನ್ನಾಕೆ ಸಾಕ್ಷಿ?"

"ಅವ ಬಿದ್ದ ಮ್ಯಾಲೆ 'ಶುಭಂ' ಅಂತ ಬರ್ತೈತ್ರೀ."

"ಸತ್ತ ಮ್ಯಾಲೆ ಶುಭ ಹೆಂಗಾತು?" ಎಂದ ದೊಡ್ಡಪ್ಪ ಸ್ವಲ್ಪ ಯೋಚಿಸಿ, "ಬದುವಿನ ಜಗಳ ಬಂದ್ರ ಬದುವಿಗೇ ಹೋಗಿ ನೋಡಬೇಕು. ನಡೀರಿ," ಎಂದರು.

ಸಿನಿಮಾ ಹರಿಹರದಲ್ಲಿ ಇನ್ನೂ ಓಡುತ್ತಿತ್ತು. ಎರಡೂ ಮನೆಯವರು, ಹುಡುಗಿಯೂ ಸೇರಿ, ಹನ್ನೊಂದು ಜನ ಅಂದೇ ಮ್ಯಾಟಿನಿಗೆ ಹೋದೆವು. ಚಿಕ್ಕಪ್ಪ ಮೂರು ಸಲ ನೋಡಿದ್ದೂ ಮ್ಯಾಟಿನಿಯನ್ನೇ, ಆ ಹೊತ್ತಿಗೆ ಬೂತಿನಲ್ಲಿ ಗಿರಾಕಿ ಕಡಿಮೆಯಂತೆ. ಗಂಡಿನ ಕಡೆಯವರು ಎಡಕ್ಕೆ, ಹೆಣ್ಣಿನ ಕಡೆಯವರು ಬಲಕ್ಕೆ ಕೂತರು. ನಾಯಕ ಹೊಡೆದಾಡಿದ, ಗುಂಡು ತಿಂದ, ಬಿದ್ದ. ಪರದೆ ಬೆಳ್ಳಗಾಯಿತು. ಆಮೇಲೆ ಕೈಬರಹದ ಒಂದು ಸ್ಲೈಡ್: ಶುಭಂ. ದೀಪ ಹತ್ತಿತು.

"ನೋಡಿದ್ರಲ್ಲ?" ಎಂದ ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. ನಾಲ್ಕನೆಯ ಸಲವೂ ಅತ್ತಿದ್ದರು.

ನಾವು ತಲೆ ತಗ್ಗಿಸಿಕೊಂಡು ಹೊರಗೆ ಬಂದೆವು. ಟಾಕೀಸಿನ ಅಂಗಳಕ್ಕೆ ಒಬ್ಬ ಮೋಟರ್‌ಸೈಕಲ್ ನುಗ್ಗಿಸಿಕೊಂಡು ಬಂದ. ಹಿಂದೆ ಕಟ್ಟಿದ್ದ ತಗಡಿನ ಡಬ್ಬಿ ಇಳಿಸುತ್ತ ಮ್ಯಾನೇಜರಿಗೆ ಕೂಗಿದ:

"ಇವತ್ತೂ ರೈಲ್ವೆ ಗೇಟ್ ಹಾಕಿದ್ರು ರೀ! ನಾನೇನ್ ಮಾಡ್ಲಿ?"

ಆಗ ತಿಳಿಯಿತು. ಎರಡೂ ಊರಿಗೆ ಸೇರಿ ಸಿನಿಮಾದ ಪ್ರತಿ ಒಂದೇ. ದಾವಣಗೆರೆಯಲ್ಲಿ ಒಂದೊಂದು ರೀಲು ಮುಗಿದ ಹಾಗೆಲ್ಲ ಅದನ್ನು ಇವನು ಗಾಡಿಯಲ್ಲಿ ಹರಿಹರಕ್ಕೆ ತರುತ್ತಾನೆ. ಮ್ಯಾಟಿನಿಯ ಕೊನೆಯ ರೀಲಿನ ಹೊತ್ತಿಗೇ ಗೂಡ್ಸ್ ರೈಲು ಬಂದು ದಾರಿಯ ಗೇಟು ಬೀಳುತ್ತದೆ. ಕಾದು ಕೂತರೆ ಜನ ಕುರ್ಚಿ ಮುರಿಯುತ್ತಾರೆಂದು ಮ್ಯಾನೇಜರು ಒಂದು ಶುಭಂ ಸ್ಲೈಡ್ ಬರೆಸಿಟ್ಟಿದ್ದರು.

ದೊಡ್ಡಪ್ಪ ಅದೇನು ಹೇಳಿದರೋ, ನಮ್ಮ ಹನ್ನೊಂದು ಜನಕ್ಕೆ ಮಾತ್ರ ಆ ರೀಲು ಹಾಕಿದರು. ಆಸ್ಪತ್ರೆ. ನಾಯಕ ಕಣ್ಣು ತೆರೆದು, "ಅಮ್ಮಾ" ಅಂದ. ಅಣ್ಣ ಎದ್ದು ಚಪ್ಪಾಳೆ ತಟ್ಟಿದ. ಒಬ್ಬನೇ.

ಚಿಕ್ಕಪ್ಪ ಅಲುಗಾಡಲಿಲ್ಲ. ಸೋತದ್ದಕ್ಕಿಂತ ಮೂರು ಸಲ, ಅಲ್ಲ, ನಾಲ್ಕು ಸಲ ಅತ್ತದ್ದು ಅವರಿಗೆ ಹೆಚ್ಚು ನೋಯುತ್ತಿತ್ತೆಂದು ಕಾಣುತ್ತದೆ. ಸಂಬಂಧ ಇನ್ನಷ್ಟು ದೂರ ಹೋಯಿತೆಂದೇ ನಾನು ತಿಳಿದೆ.

ದೊಡ್ಡಪ್ಪ ತೀರ್ಮಾನ ಕೊಟ್ಟರು. "ಅವ ಹರಿಹರದಾಗ ಸತ್ತಾನ, ದಾವಣಗೆರ್‍ಯಾಗ ಬದುಕ್ಯಾನ. ಇಬ್ಬರ ಮಾತೂ ಖರೆ."

"ಇಲ್ಲಿ ಹೇಳಿದ್ರ ಆಗಂಗಿಲ್ರೀ," ಎಂದರು ಚಿಕ್ಕಪ್ಪ. "ಮಾನ ಹೋಗಿದ್ದು ಇಂಟರ್‌ನೆಟ್‌ನಾಗೆ. ಅಲ್ಲೇ ಬರೀಬೇಕು."

ಅಣ್ಣ ಹುಡುಗಿಯ ಕಡೆ ಒಮ್ಮೆ ನೋಡಿ ತಲೆಯಾಡಿಸಿದ. ನೇರ ಬೂತಿಗೆ ಹೋಗಿ, ಚಿಕ್ಕಪ್ಪನ ಕಂಪ್ಯೂಟರಿನಲ್ಲೇ ಕೂತು, 'ಹರಿಹರದವರು ನಿದ್ದೆ ಮಾಡಿರಲಿಲ್ಲ, ಅವರು ನೋಡಿದ ಸಿನಿಮಾದಲ್ಲಿ ನಾಯಕ ಸತ್ತದ್ದು ನಿಜ' ಎಂದು ಒತ್ತಿದ.

ಮರುದಿನ ಪುಟದಲ್ಲಿ ಅಣ್ಣನ ಹದಿಮೂರು ಜನ ಬೆಂಬಲಿಗರೇ ಅವನ ಮೇಲೆ ಬಿದ್ದಿದ್ದರು. ಹೇಡಿ, ಮಾತು ತಿರುಗಿಸುವವನು, ಎಷ್ಟಕ್ಕೆ ಮಾರಿಕೊಂಡೆ? ಅಣ್ಣ ಅದನ್ನೆಲ್ಲ ಓದುತ್ತ ಉಗುರು ಕಚ್ಚುತ್ತಿದ್ದ. ಹರಿಹರದಿಂದ ಒಪ್ಪಿಗೆಯ ಸುದ್ದಿ ಇನ್ನೂ ಬಂದಿರಲಿಲ್ಲ.

ಸಂಜೆಗೆ ಪುಟದಲ್ಲಿ 'ಹರಿಹರ' ಎದ್ದು ನಿಂತಿತು. ಎಲ್ಲವೂ ದೊಡ್ಡ ಅಕ್ಷರ: 'ನಮ್ಮ ಅಳಿಯನ ತಂಟೆಗೆ ಬಂದ್ರೆ ಹುಷಾರ್. ನಾಯಕ ಬದುಕಿದ್ದಾನೆ. ನಾನೇ ನೋಡಿದ್ದೇನೆ.'

ಅಣ್ಣ ನನ್ನನ್ನು ಕರೆದು ಎರಡು ಸಲ ಓದಿಸಿದ. ನಾನು ಭಟ್ಟಿಗೆ ಓಡಿ ದೊಡ್ಡಪ್ಪನಿಗೆ ಹೇಳಿದೆ.

"ಏನಂತ ಬರೆದಾರ? ಅಳಿಯ ಅಂತಾನೇ?"

"ಹೌದು ದೊಡ್ಡಪ್ಪ."

"ಅಮೆರಿಕದ ಮಂದಿ ಓದ್ಯಾರೇನು?"

"ಓದಿರ್ತಾರೆ."

"ಹಂಗಾದ್ರ ಅವರಿಗಿನ್ನು ಹಿಂದಕ್ಕ ಹೋಗಾಕ ಬರಂಗಿಲ್ಲ," ಎಂದ ದೊಡ್ಡಪ್ಪ ಕೈಗಂಟಿದ್ದ ಮಂಡಕ್ಕಿ ಹೊಟ್ಟು ಕೊಡವಿಕೊಂಡರು. "ನಿಮ್ಮಮ್ಮಗೆ ಹೇಳು, ಎಲಿ ಅಡಿಕಿ ತರ್ಸು ಅಂತ."