ಯಾವ ಆರ್?

ನಾನು ದುಡ್ಡು ಕೊಟ್ಟು ತಂದ ವಸ್ತು ನನ್ನನ್ನೇ ‘ನೀನು ಯಾರು’ ಎಂದು ಕೇಳಿತಲ್ಲ, ಅಂದು ಏರಿದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಕೆರಾಡಿಯಲ್ಲಿ ನನ್ನದೊಂದು ಮರದ ಕೆಲಸದ ಶೆಡ್ ಇದೆ. ಮುಂಬೈಯ ಫರ್ನಿಚರ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಉಳಿ ಹಿಡಿದು, ಬಲ ಭುಜ ಕೈಕೊಟ್ಟ ಮೇಲೆ ಊರಿಗೆ ಬಂದವನು ನಾನು. ಇನ್ನು ಕೈಕೆತ್ತನೆ ಬೇಡ ಎಂದು ಡಾಕ್ಟರು ಹೇಳಿದ್ದರಿಂದ, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಮಿಷನ್ ತಂದೆ. ಅದನ್ನು ನಡೆಸುವ ಸಾಫ್ಟ್‌ವೇರನ್ನೂ ಲೈಸೆನ್ಸ್, ಬಿಲ್ ಸಮೇತ ಕೊಂಡೆ. ಕುಂದಾಪುರದಲ್ಲಿ ಇದೇ ಕೆಲಸ ಮಾಡುವ ಸ್ನೇಹಿತನೊಬ್ಬನ ಮಿಷನ್ನಿನಲ್ಲಿರುವುದು ಯಾರದೋ ಪೆನ್‌ಡ್ರೈವಿನಿಂದ ಬಂದ ಕದ್ದ ಪ್ರತಿ. ‘ನೀವ್ ಆ ಬಿಲ್ಲಿಗೆ ಫ್ರೇಮ್ ಹಾಕ್ಸಿ ಗ್ವಾಡಿಗೆ ತೂಗಿ’ ಎಂದು ಅವನು ಆಗಲೇ ನಕ್ಕಿದ್ದ.

ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲು ನಮ್ಮ ಕಡೆ ಹೊಸತಲ್ಲ. ಆ ವರ್ಷದ ಒಂದು ಸಿಡಿಲು ಮಿಷನ್ನಿನ ಕಂಪ್ಯೂಟರನ್ನು ಸುಟ್ಟಿತು. ಆ ಕಂಪ್ಯೂಟರ್ ಮಿಷನ್ನಿನ ಕಬ್ಬಿಣದ ಪೆಟ್ಟಿಗೆಯೊಳಗೇ ಇರುವಂಥದ್ದು. ನಾವು ಪೆಟ್ಟಿಗೆ ಬಿಚ್ಚಿದರೆ ಗ್ಯಾರಂಟಿ ಹೋಯಿತು. ಹಾಗಾಗಿ ಮಾರಿದವರ ಕಡೆಯವನೇ ಬಂದು, ಒಳಗಿನ ಬೋರ್ಡ್ ಬದಲಿಸಿ, ಮತ್ತೆ ಸೀಲ್ ಹಾಕಿ, ಬಸ್ಸು ತಪ್ಪುತ್ತದೆಂದು ಓಡಿದ. ಓಡುತ್ತಲೇ ‘ಒಂದು ಕೋಡ್ ಕೇಳುತ್ತದೆ, ಇಂಟರ್ನೆಟ್ ಹಾಕಿದರೆ ತಾನಾಗಿ ಸರಿಯಾಗುತ್ತದೆ’ ಎಂದ.

ಇಂಟರ್ನೆಟ್ ಎಲ್ಲಿದೆ? ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ಲನ್ನು ಬೇರು ಸಮೇತ ಕಿತ್ತು ಹಾಕಿ ಎಷ್ಟೋ ದಿನ ಆಗಿತ್ತು. ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ಶೆಡ್ಡಿನ ಹಿಂದಿನ ಹಾಡಿಯ ಮರಗಿಡ ದಾಟಿ, ಕೆಂಪು ಮುರಕಲ್ಲಿನ ಗುಡ್ಡೆ ಹತ್ತಿ, ಗೇರುಮರದ ಬುಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಬೇಕು. ಕಂಪ್ಯೂಟರ್ ಮಾತ್ರ ಪರದೆಯ ಮೇಲೆ ಅಕ್ಷರ ಅಂಕಿ ಕಲಸಿದ ಉದ್ದನೆಯ ಕೋಡ್ ಒಂದನ್ನು ತೋರಿಸಿ, ಇದನ್ನು ನಮ್ಮ ವೆಬ್‌ಸೈಟಿನಲ್ಲಿ ಹಾಕಿ ಉತ್ತರದ ಕೋಡ್ ತನ್ನಿ ಎಂದು ಕೂತಿತ್ತು. ಬೋರ್ಡ್ ಬದಲಾದದ್ದರಿಂದ ಅದಕ್ಕೆ ನನ್ನ ಗುರುತು ಮರೆತುಹೋಗಿತ್ತಂತೆ. ಅಂಗಿ ಬದಲಿಸಿ ಬಂದ ಗಂಡನನ್ನು ಹೆಂಡತಿ ಬಾಗಿಲಲ್ಲಿ ತಡೆದು ಗುರುತಿನ ಚೀಟಿ ಕೇಳುತ್ತಾಳೆಯೇ?

ನನ್ನ ಗಡಿಬಿಡಿಗೆ ಕಾರಣವಿತ್ತು. ಬೈಂದೂರಿನ ಕಡಲ ಬದಿಯ ಮೀನಿನ ಅಕ್ಕ ಒಬ್ಬರು ಸ್ವಂತ ಮನೆ ಕಟ್ಟಿಸುತ್ತಿದ್ದರು. ನನ್ನ ಅಮ್ಮ ಇದ್ದ ಕಾಲದಿಂದಲೂ ಬಸ್ಸಿನಲ್ಲಿ ಬುಟ್ಟಿ ತಂದು ನಮ್ಮ ಊರಿನ ಮನೆಮನೆಗೆ ಮೀನು ಕೊಟ್ಟವರು. ಬಾಡಿಗೆ ಬಿಡಾರಗಳಲ್ಲೇ ಆಯಸ್ಸು ಕಳೆದ ಅವರು ತಮ್ಮದೇ ಎನ್ನುವ ಬಾಗಿಲಿಗಾಗಿ ಎಷ್ಟು ಕಾದಿದ್ದರೆಂದು ನನಗೆ ಗೊತ್ತು. ಆ ಬಾಗಿಲ ಚೌಕಟ್ಟು, ನಮ್ಮ ಮಾತಿನಲ್ಲಿ ದಾರಂದ, ನನ್ನ ಹೊಣೆ. ಹಲಸಿನ ಮರದಲ್ಲಿ ಅದು ತಯಾರಾಗಿ ನಿಂತಿತ್ತು. ಮೇಲಿನ ಅಡ್ಡಪಟ್ಟಿಯ ಕೆತ್ತನೆ ಮಾತ್ರ ಬಾಕಿ. ಏನು ಕೆತ್ತಬೇಕೆಂದು ಅವರೇ ಹೇಳಿದ್ದರು.

‘ಲಕ್ಷ್ಮಿ ನಡೂಗೆ ಇರ್ಲಿ. ಎರಡ್ ಬದಿಗೂ ಒಂದೊಂದ್ ಬಂಗ್ಡಿ ಹಾಕಿ. ನಮ್ಮನಿಗೆ ಲಕ್ಷ್ಮಿ ಬಂದದ್ದೇ ಬಂಗ್ಡಿ ಬುಟ್ಟಿಯೊಳ್ಗೆ, ಅಲ್ದಾ?’

ದೇವಿಯ ಅಕ್ಕಪಕ್ಕ ಬಂಗುಡೆ ಮೀನು! ನಕ್ಕರೂ ನನಗದು ಬಹಳ ಹಿಡಿಸಿತು. ಮೀನಿನ ಬೆನ್ನಿನ ಗೆರೆ ಸಹಿತ ಕಂಪ್ಯೂಟರಿನಲ್ಲಿ ಬಿಡಿಸಿ, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇಟ್ಟಿದ್ದೆ. ದಾರಂದ ನಿಲ್ಲಿಸುವ ಮುಹೂರ್ತ ಭಾನುವಾರ ಬೆಳಿಗ್ಗೆ. ಸಿಡಿಲಿನ ರಿಪೇರಿ ಮುಗಿದು ಕೋಡಿನ ಕಾಟ ಶುರುವಾದದ್ದು ಶುಕ್ರವಾರ.

ಫೋಟೋ ತೆಗೆದು ಕಳಿಸಬಹುದಿತ್ತಲ್ಲ ಎಂದು ಈ ಕತೆ ಕೇಳಿದವರೆಲ್ಲ ಬುದ್ಧಿ ಹೇಳುತ್ತಾರೆ. ಮರದ ಹುಡಿ ಹೊಕ್ಕು ಟಚ್ ಫೋನುಗಳು ಒಂದರ ಹಿಂದೊಂದು ಸತ್ತ ಮೇಲೆ ನಾನು ಬಟನ್ ಫೋನಿಗೆ ಇಳಿದವನು. ನಮ್ಮ ಹಾಡಿಯ ಬದಿಯಲ್ಲಿ ಟಚ್ ಫೋನ್ ಇದ್ದ ನೆರೆಯವರಾದರೂ ಯಾರು? ಕೋಡನ್ನು ಪ್ಲೈವುಡ್ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡು ಗುಡ್ಡೆ ಹತ್ತಿ, ಬ್ರಹ್ಮಾವರದಲ್ಲಿರುವ ತಂಗಿಗೆ ಫೋನ್ ಮಾಡಿದೆ. ಅವಳ ಮನೆಯಲ್ಲಿ ಇಂಟರ್ನೆಟ್ ಇದೆ. ನಾನು ಒಂದೊಂದಾಗಿ ಓದಿದೆ, ಅವಳು ಒಂದೊಂದಾಗಿ ಹೊಡೆದಳು, ತಿರುಗಿ ಓದಿಯೂ ಹೇಳಿದಳು. ಎಲ್ಲ ಸರಿಯಿತ್ತು. ವೆಬ್‌ಸೈಟ್ ಮಾತ್ರ ಕೋಡ್ ತಪ್ಪು ಎಂದಿತು.

ಗುಡ್ಡೆ ಇಳಿದು ಪರದೆ ನೋಡಿದೆ. ಪ್ಲೈವುಡ್ಡಿನಲ್ಲಿ ಒಂದು ಅಕ್ಷರವೂ ಹೆಚ್ಚುಕಮ್ಮಿ ಇರಲಿಲ್ಲ. ಮತ್ತೆ ಹತ್ತಿದೆ, ಮತ್ತೆ ಓದಿದೆ, ಮತ್ತೆ ತಪ್ಪು. ಎಲ್ಲಿ ತಪ್ಪು ಎಂದು ಹೇಳಿದರೆ ಅದರ ಗಂಟೇನು ಹೋಗುತ್ತಿತ್ತು? ಹಾಗೇ ಹತ್ತಿ ಇಳಿದು ಮಾಡುತ್ತಿರುವಾಗ, ನಿಮ್ಮ ಪ್ರಯತ್ನಗಳು ಮುಗಿದವು, ಸಹಾಯವಾಣಿಗೆ ಕರೆ ಮಾಡಿ ಎಂದು ಬರೆದು ವೆಬ್‌ಸೈಟ್ ಬಾಗಿಲು ಹಾಕಿಕೊಂಡಿತು.

ಸಹಾಯವಾಣಿಯಲ್ಲಿ ಸಿಕ್ಕ ಹುಡುಗಿಯ ಹಿಂದಿ ಬಹಳ ನಯವಾಗಿತ್ತು. ನನ್ನ ಮುಂಬೈ ಹಿಂದಿಯಲ್ಲಿ ಸಮಾಚಾರವೆಲ್ಲ ಹೇಳಿದೆ. ಕಂಪ್ಯೂಟರಿಗೆ ಐದು ನಿಮಿಷ ಇಂಟರ್ನೆಟ್ ಕೊಡಿ ಸಾರ್ ಎಂದಳು. ಇಲ್ಲ ಎಂದೆ. ಹಾಗಾದರೆ ಪರದೆಯ ಫೋಟೋ ಕಳಿಸಿ ಎಂದಳು. ನಾನು ಹಲ್ಲು ಕಚ್ಚಿ ಬಿಲ್ಲಿನ ನಂಬರ್ ಹೇಳಿದೆ, ಕೊಂಡ ವರ್ಷ ಹೇಳಿದೆ, ಭಾನುವಾರದ ಮುಹೂರ್ತವನ್ನೂ ಹೇಳಿದೆ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ಎರಡು ಕೆಲಸದ ದಿನಗಳಲ್ಲಿ ಪರಿಶೀಲಿಸುತ್ತೇವೆ ಎಂದಳು. ಶನಿವಾರ, ಭಾನುವಾರ ಅವರಿಗೆ ಕೆಲಸದ ದಿನಗಳಲ್ಲ.

ಏನನ್ನು ಪರಿಶೀಲಿಸುವುದು? ನಾನು ಕಳ್ಳನೋ ಅಲ್ಲವೋ ಎಂದು. ಕದ್ದವನ ಮಿಷನ್ ಕುಂದಾಪುರದಲ್ಲಿ ಬೆಳಿಗ್ಗೆಯಿಂದ ಗರಗರ ತಿರುಗುತ್ತಿದೆ, ಅವನನ್ನು ಕೇಳುವ ಗಂಡಸಿಲ್ಲ. ಬಿಲ್ಲು ಇಟ್ಟುಕೊಂಡ ನಾನು ಗೇರುಮರದ ಬುಡದಲ್ಲಿ ಕೈಕಟ್ಟಿ ನಿಲ್ಲಬೇಕು. ನಾಚಿಕೆ ಬಿಟ್ಟು ಆ ಸ್ನೇಹಿತನಿಗೂ ಫೋನ್ ಮಾಡಿದೆ. ‘ಬನ್ನಿ ಮಾರಾಯ್ರೆ, ನಂದ್ ಯಾರ್ನೂ ಕೇಂತಿಲ್ಲೆ’ ಎಂದ, ತನ್ನ ಮಿಷನ್ ಯಾರನ್ನೂ ಕೇಳುವುದಿಲ್ಲವೆಂಬ ಗತ್ತಿನಲ್ಲಿ. ಆದರೆ ಅವನದು ಹಳೆಯ ಪ್ರತಿ, ನನ್ನ ಹೊಸದರಲ್ಲಿ ಬಿಡಿಸಿದ ಚಿತ್ರ ಅದರಲ್ಲಿ ತೆರೆಯುವುದೇ ಇಲ್ಲ. ನನ್ನ ಕೈಯ ಚಿತ್ರಕ್ಕೂ ಅವರದೇ ಬೀಗ.

ಸಿಟ್ಟು ಕಾರಿಕೊಳ್ಳಲು ತಂಗಿಯೇ ಸಿಕ್ಕಿದಳು. ಮತ್ತೆ ಅವಳಿಗೆ ಫೋನ್ ಹಚ್ಚಿ, ನಿಂಗೆ ಕಣ್ಣ್ ಕಾಂತಿಲ್ಯಾ ಎಂದು ಕೂಗಾಡಿದೆ. ಅವಳೂ ನನ್ನ ತಂಗಿಯೇ, ಬಿಡಲಿಲ್ಲ.

‘ನೀ ಹೇಳ್ದದ್ದನ್ನೇ ನಾ ಹೊಡ್ದದ್ದ್. ಬೇಕಾರೆ ಕೇಣ್. ಆರ್, ಕೆ, ನಾಕ್, ಡಿ, ಆರ್...’

‘ಸರಿ ಇತ್ತಲೆ. ಆರ್, ಕೆ, ನಾಕ್, ಡಿ, ಆರ್.’

ಅವಳು ಆ ಸಾಲನ್ನು ಇನ್ನೊಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು. ‘ಅಣ್ಣ, ಇದ್ ಯಾವ ಆರ್?’

‘ಆರಿಗೆ ಎಷ್ಟ್ ನಮೂನಿ ಇತ್ತ್? ಆರ್ ಅಂದ್ರೆ ಆರ್.’

‘ಐದ್ ಆದ್ಮೇಲೆ ಬಪ್ಪ ಆರಾ, ಕ್ಯೂ ಆದ್ಮೇಲೆ ಬಪ್ಪ ಆರಾ?’

ನಾನು ಪ್ಲೈವುಡ್ ನೋಡಿದೆ. ಮೊದಲನೆಯದು ಇಂಗ್ಲಿಷಿನ ಅಕ್ಷರ. ಎರಡನೆಯದು ಅಂಕಿ. ನಮ್ಮ ಕಡೆ ಮಾತಿನ ಬಾಲ ಕತ್ತರಿಸಿಯೇ ಆಡುವುದು. ಪುಸ್ತಕದ ‘ಆರು’ ನಮ್ಮ ಬಾಯಲ್ಲಿ ‘ಆರ್’. ಬೇರೆ ಊರಿನವರಾಗಿದ್ದರೆ ಒಬ್ಬರಾದರೂ ತಡೆದು ಕೇಳುತ್ತಿದ್ದರು. ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಮಾತು ಕಲಿತವರು. ನಾನು ಆರ್ ಎಂದೆ, ಅವಳಿಗೆ ಆರ್ ಎಂದೇ ಕೇಳಿಸಿತು, ಅವಳು ತಿರುಗಿ ಆರ್ ಎಂದಳು, ನಾನು ಹೌದೆಂದೆ. ಅವಳು ಎರಡೂ ಕಡೆ ಅಕ್ಷರವನ್ನೇ ಹೊಡೆದಿದ್ದಳು.

ತಪ್ಪು ಸಿಕ್ಕಿತು. ತಿದ್ದಲು ಬಾಗಿಲು ಮಾತ್ರ ಮುಚ್ಚಿತ್ತು. ಮತ್ತೆ ಸಹಾಯವಾಣಿಗೆ ಮಾಡಿ, ತಪ್ಪು ಗೊತ್ತಾಗಿದೆ, ಒಂದೇ ಒಂದು ಸಲ ಬಿಡಿ ಎಂದು ಬೇಡಿಕೊಂಡೆ. ಈ ಸಲ ಬೇರೆ ಹುಡುಗ. ಅವನಿಗೂ ನನ್ನ ತೊಂದರೆ ಅರ್ಥವಾಯಿತಂತೆ. ಎರಡು ಕೆಲಸದ ದಿನ.

ಶನಿವಾರ ಬೆಳಿಗ್ಗೆ ಮೀನಿನ ಅಕ್ಕ ಬುಟ್ಟಿ ಹೊತ್ತು ಶೆಡ್ಡಿಗೇ ಬಂದರು. ಬೋಳು ಅಡ್ಡಪಟ್ಟಿ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಮುಹೂರ್ತ ಮುಂದೆ ಹಾಕಬಹುದೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

‘ಹ್ವಾಯ್, ಒಂದ್ ಮಾತ್ ಕೇಂತೆ. ನೀವ್ ದುಡ್ಡ್ ಕೊಟ್ ತಂದದ್ದಲ್ದಾ ಅದ್?’

‘ಹೌದ್.’

‘ಹಂಗಾರೆ ಅವ್ರತ್ರ ಎಂತಕೆ ಕೇಂಬುದ್?’

ನಾನು ಅಡ್ಡಪಟ್ಟಿಯ ಮೇಲಿನ ಹುಡಿ ಒರೆಸಿದೆ. ‘ಬೋಳ್ ಇದ್ರೂ ಅಡ್ಡಿಲ್ಲೆ’ ಎಂದು ಹೇಳಿ ಅವರು ಬುಟ್ಟಿ ಎತ್ತಿಕೊಂಡು ಹೋದರು. ಅಡ್ಡಿಲ್ಲೆ ಎನ್ನುವಾಗ ಅವರು ನನ್ನ ಮುಖ ನೋಡಲಿಲ್ಲ. ಅದು ನನ್ನನ್ನು ಚುಚ್ಚಿತು.

ಅವರು ಹೋದ ಮೇಲೆ ಹಳೆಯ ಉಳಿಗಳ ಪೆಟ್ಟಿಗೆ ಹೊರಗೆಳೆದೆ. ಲಕ್ಷ್ಮಿಯ ಮುಖ ಮಾಡುವ ಧೈರ್ಯ ಬರಲಿಲ್ಲ. ಭುಜ ನಡುಗಿ ಒಂದು ಏಟು ತಪ್ಪಿದರೂ ದೇವಿಯ ಮೂಗು ಹೋಗುತ್ತದೆ. ಬಂಗುಡೆಯಾದರೆ ಕ್ಷಮಿಸುತ್ತದೆ. ಪಟ್ಟಿಯ ನಡುವೆ ಒಂದೇ ಒಂದು ಬಂಗುಡೆ ಕೆತ್ತಿದೆ. ಬಾಲದ ಹತ್ತಿರ ಕೈ ಜಾರಿ ಒಂದು ಗೆರೆ ಹೆಚ್ಚು ಬಿತ್ತು. ಸಂಜೆ ಚಾ ಲೋಟ ಎತ್ತಲು ಬಲಗೈ ಬರಲಿಲ್ಲ, ಎಡಗೈಯಲ್ಲಿ ಕುಡಿದೆ.

ಭಾನುವಾರ ದಾರಂದ ನಿಂತಿತು. ಭಟ್ಟರು ಅರಿಶಿನ ಕುಂಕುಮ ಹಿಡಿದು ಮೇಲೆ ನೋಡಿದರು, ದೇವರಿಲ್ಲ, ಮೀನಿದೆ. ಒಮ್ಮೆ ನನ್ನ ಕಡೆ ತಿರುಗಿದರು. ನನ್ನ ಮುಖದಲ್ಲಿ ಏನು ಕಂಡಿತೋ, ಬಂಗುಡೆಗೇ ಕುಂಕುಮ ಹಚ್ಚಿದರು. ಮೀನಿನ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಖುಷಿಗೋ ಬೇಸರಕ್ಕೋ ಎಂದು ಕೇಳಲು ನನಗೆ ಹೆದರಿಕೆಯಾಯಿತು.

ಅವರ ಕೆಲಸದ ದಿನಗಳೆಲ್ಲ ಮುಗಿದ ಮೇಲೆ ವೆಬ್‌ಸೈಟ್ ಬಾಗಿಲು ತೆರೆಯಿತು. ನಾನು ಗುಡ್ಡೆಯ ಮೇಲೆ, ತಂಗಿ ಬ್ರಹ್ಮಾವರದಲ್ಲಿ. ‘ಅಕ್ಷರ ಆರ್. ಅಕ್ಷರ ಕೆ. ಅಂಕಿ ನಾಲ್ಕು. ಅಕ್ಷರ ಡಿ. ಅಂಕಿ ಆರು’ ಎಂದು ನಾನು, ‘ಅಂಕಿ ಆರು, ಸರಿಯಾಗಿದೆ, ಮುಂದುವರಿಸಿ’ ಎಂದು ಅವಳು. ಒಡಹುಟ್ಟಿದವಳ ಹತ್ತಿರ ನಾನು ಜನ್ಮದಲ್ಲಿ ಪುಸ್ತಕದ ಕನ್ನಡ ಆಡಿದವನಲ್ಲ. ಯಾರೋ ಕಾಣದವರ ಕಂಪ್ಯೂಟರಿಗೆ ನಾವು ಕಳ್ಳರಲ್ಲವೆಂದು ತೋರಿಸಲು ನಮ್ಮ ಮಾತಿನ ಬಾಲ ಮತ್ತೆ ಅಂಟಿಸಿಕೊಳ್ಳಬೇಕಾಯಿತು. ಉತ್ತರದ ಕೋಡ್ ಬಂತು. ಜೊತೆಗೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆಯೂ ಬಂತೆಂದು ತಂಗಿ ಹೇಳಿದಳು. ನಾನು ಕೊಟ್ಟ ಉತ್ತರವನ್ನು ಅವಳು ಟೈಪ್ ಮಾಡಲಿಲ್ಲ.

ಮಿಷನ್ ತಿರುಗಿತು. ಮೊದಲ ಕೆಲಸವಾಗಿ ಲಕ್ಷ್ಮಿಯನ್ನೂ ಎರಡು ಬಂಗುಡೆಯನ್ನೂ ಬೇರೊಂದು ಹಲಸಿನ ಹಲಗೆಯಲ್ಲಿ ಕೆತ್ತಿಸಿದೆ. ಒಂದು ಗೆರೆ ತಪ್ಪಿರಲಿಲ್ಲ. ಹಳೆಯ ಮೀನಿನ ಮೇಲೆ ಅದನ್ನು ಕೂರಿಸಿಬಿಡೋಣ ಎಂದು ಬೈಂದೂರಿಗೆ ತೆಗೆದುಕೊಂಡು ಹೋದೆ.

ಮೀನಿನ ಅಕ್ಕ ಹಲಗೆಯನ್ನು ಬಿಸಿಲಿಗೆ ಹಿಡಿದು ನೋಡಿದರು, ಲಕ್ಷ್ಮಿಗೆ ಕೈ ಮುಗಿದರು. ನಾನು ಡ್ರಿಲ್ ತೆಗೆಯುತ್ತಿದ್ದಂತೆ ಬಾಗಿಲಿಗೆ ಅಡ್ಡ ನಿಂತರು.

‘ಇದ್ನ ದೇವ್ರ್ ಕೋಣಿಲಿ ಇಡ್ತೆ. ಬಾಗ್ಲಿಗೆ ಆ ಬಂಗ್ಡಿಯೇ ಇರ್ಲಿ. ಅದ್ಕ್ ನೀವ್ ಯಾರತ್ರವೂ ಕೇಣ್ಲಿಲ್ಲೆ.’