ಸ್ಮಾರ್ಟ್ ಬೋರ್ಡಿನ ಹಿಂದಿನ ಕಪಾಟು

ನಮ್ಮ ಬಿಲ್ಡಿಂಗಿನಲ್ಲಿ ಟೀವಿಯ ರಿಮೋಟಿಗೆ ಪ್ಲಾಸ್ಟಿಕ್ ಅಂಗಿ ತೊಡಿಸದ ಮನೆಯಿಲ್ಲ. ನಾನೂ ತೊಡಿಸಿದ್ದೇನೆ, ಮತ್ತು ಗುಂಡಿ ಒತ್ತಿದ್ದು ತಾಗದೆ ಹೋದಾಗ ಅಂಗಿಯನ್ನು ಬಿಟ್ಟು ರಿಮೋಟನ್ನೇ ಬೈಯುತ್ತೇನೆ. ಹೊಸ ವಸ್ತುವನ್ನು ಬಳಸುವುದಕ್ಕಿಂತ ಹೊಸದಾಗಿಯೇ ಉಳಿಸುವುದರಲ್ಲಿ ನಮಗೆ ಶ್ರದ್ಧೆ ಹೆಚ್ಚು. ಘಾಟ್ಕೋಪರಿನ ಕನ್ನಡ ಶಾಲೆಯೊಂದು ಈ ಶ್ರದ್ಧೆಯನ್ನು ವಿಜ್ಞಾನಕ್ಕೂ ವಿಸ್ತರಿಸಿರುವುದು ಮೊನ್ನೆ ತಿಳಿಯಿತು.

ಅಲ್ಲಿನ ಸೈನ್ಸ್ ಸರ್ ಇಲೆಕ್ಷನ್ ಡ್ಯೂಟಿಗೆ ಹೋದದ್ದರಿಂದ, ರಿಟೈರ್ ಆಗಿ ತುಕ್ಕು ಹಿಡಿಯುತ್ತಿದ್ದ ನನ್ನನ್ನು ಹತ್ತನೆಯ ತರಗತಿಗೆ ಕರೆದರು. ಮರುದಿನ ಪ್ರಾಕ್ಟಿಕಲ್ ಪರೀಕ್ಷೆ. ದಾನಿಗಳು ಕೊಟ್ಟ ಸ್ಮಾರ್ಟ್ ಬೋರ್ಡು ಅಂಚಿನ ಪ್ಲಾಸ್ಟಿಕ್ಕನ್ನೂ ಕಳಚದೆ ಶ್ವೇತವಸನೆಯಾಗಿ ಗೋಡೆಗೆ ಬಿಗಿಸಿಕೊಂಡು ನಿಂತಿತ್ತು. ಅದರ ಪಾಸ್‌ವರ್ಡು ಸರ್ ಜೊತೆ ಮತಗಟ್ಟೆಗೆ ಹೋಗಿತ್ತು. ಹೋದದ್ದೇ ಒಳ್ಳೆಯದಾಯಿತೆನ್ನಿ. ಅದರಲ್ಲಿರುವ ಕನ್ನಡದ ಪಾಠಗಳು ಕರ್ನಾಟಕದ ಸಿಲೆಬಸ್ಸಿನವು, ಮಹಾರಾಷ್ಟ್ರದ ಸಿಲೆಬಸ್ಸಿನವು ಮರಾಠಿಯವು. ಮಕ್ಕಳು ಒಂದರಿಂದ ಭಾಷೆಯನ್ನೂ ಇನ್ನೊಂದರಿಂದ ಪಾಠವನ್ನೂ ಹೆಕ್ಕಿ ಮನಸ್ಸಿನಲ್ಲೇ ಡಬ್ಬಿಂಗ್ ಮಾಡಿಕೊಳ್ಳಬೇಕು.

“ಲೆನ್ಸ್ ತನ್ನಿ, ಕೈಯಲ್ಲಿ ಹಿಡಿದು ನೋಡೋಣ,” ಎಂದೆ.

ಭಾಂಡುಪಿನಿಂದ ಲೋಕಲ್‌ನಲ್ಲಿ ಬರುವ ರೇಣುಕಾ ಎದ್ದಳು. “ಲೆನ್ಸ್ ಗ್ವಾಡಿ ಕಪಾಟದಾಗ ಅದಾವ್ರೀ ಟೀಚರ್. ಕಪಾಟ ಬೋರ್ಡಿನ ಹಿಂದ ಅದ.”

“ಬೋರ್ಡು ಬಿಚ್ಚಿಸೋಣ.”

“ಬಿಚ್ಚಿದ್ರ ವಾರಂಟಿ ಹೋಗ್ತದಂತ್ರೀ.”

“ಟೆನ್ಶನ್ ಬ್ಯಾಡ್ರೀ ಟೀಚರ್,” ಎಂದಿತು ಹಿಂದಿನ ಬೆಂಚು, “ವಿಡಿಯೋದಾಗ ನೋಡೀವಿ.”

ಎಲ್ಲರೂ ನಕ್ಕರು, ರೇಣುಕಾ ನಗಲಿಲ್ಲ. “ನೋಡೀವಿ ಖರೆ. ನಾಳೆ ಪರೀಕ್ಷಾಕ್ಕ ಬರೋ ಹೊರಗಿನ ಸರ್ ಕೈಯಾಗ ಕೊಟ್ರ ಹ್ಯಾಂಗ ಹಿಡಿಯೂದ್ರೀ?”

ನಮ್ಮ ಕಾನ್ವೆಂಟಿನ ಸಿಸ್ಟರ್ ಲೆನ್ಸನ್ನು ಪ್ರಸಾದದಂತೆ ಅಂಗೈಗಿಟ್ಟು, “ಡೋಂಟ್ ಬ್ರೀದ್ ಆನ್ ಇಟ್, ಚೈಲ್ಡ್!” ಎಂದು ಗದರುತ್ತಿದ್ದರು. ಇಲ್ಲಿ ಉಸಿರು ತಾಗುವ ಭಯವೇ ಇಲ್ಲ. ವಾಟ್ ಪ್ರೋಗ್ರೆಸ್!

ನನ್ನ ಚಾಳೀಸನ್ನು, ಓದುವ ಕನ್ನಡಕವನ್ನು, ಕಳಚಿ ಅವಳಿಗೆ ಕೊಟ್ಟೆ. ಮುಪ್ಪು ನನಗೆ ದಯಪಾಲಿಸಿದ ಏಕೈಕ ಪ್ರಯೋಗೋಪಕರಣ, ಅದೂ ಪೀನಮಸೂರವೇ. “ಒಂದು ಗಾಜು ಅಂಗೈಲಿ ಮುಚ್ಚು. ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ಸರಿಸು.” ದೀಪ ಆರಿಸಿದರು. ಕೋಣೆಯಲ್ಲಿ ಬಿಳಿಯದೆಂದು ಉಳಿದದ್ದು ಆ ಬೋರ್ಡೊಂದೇ. ಅವಳು ಚಾಳೀಸನ್ನು ಅದರೆದುರು ಹಿಡಿದು ಸರಿಸಿದಳು. ಬೋರ್ಡಿನ ಮೇಲೆ ಮಸುಕು ಕಲೆಯೊಂದು ಅತ್ತಿತ್ತ ಈಜಿ, ತಟ್ಟನೆ ಹರಳುಗಟ್ಟಿತು.

“ಕಿಟಕಿ ಹೊರಗಿನ ಮೆಟ್ರೋ! ಉಲ್ಟಾ ಹೊಂಟದ್ರೀ!”

ಗದ್ದಲಕ್ಕೆ ಹೆಡ್‌ಮೇಡಂ ಓಡಿ ಬಂದರು. “ಪಾಸ್‌ವರ್ಡ್ ಸಿಕ್ಕಿತಾ ಟೀಚರೇ? ಒಂದು ಫೋಟೋ ತೆಗೀರಿ, ದಾನಿಗಳಿಗೆ ಕಳಿಸ್ಲಿಕ್ಕುಂಟು!” ಎನ್ನುತ್ತ ಬೋರ್ಡಿನ ಮುಂದೆ ಸೆರಗು ಸರಿಪಡಿಸಿಕೊಂಡು ನಿಂತರು. ಚಿತ್ರ ಅವರ ಸೀರೆಯಲ್ಲಿ ಕರಗಿಹೋಯಿತು.

“ತುಸು ಸರೀರಿ ಮೇಡಂ,” ಎಂದಳು ರೇಣುಕಾ, ಚಾಳೀಸಿನಿಂದ ಕಣ್ಣು ತೆಗೆಯದೆ. “ಬೆಳಕಿಗೆ ಅಡ್ಡ ಆಗೀರಿ.”

ಮೇಡಂ ಸರಿದರು.